ಮೊದಲ ತಪ್ಪಿನ ನಂತರದ ಒಂದು ವಾರ

(ಉಡುಪಿಯಲ್ಲಿ ಪ್ರೌಢಶಾಲಾ ಶಿಕ್ಷಕರು, ಹೆತ್ತವರು ಮತ್ತು ಯುವಕ ಮಂಡಲಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗಿನ ಮಕ್ಕಳಲ್ಲಿ ಅಪರಾಧ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂದು ಇಲ್ಲಿ ಕೈ ಎತ್ತಿಸಿದರೆ, ಹೆಚ್ಚಿದೆ ಎನ್ನುವ ಕೈಗಳೇ ಜಾಸ್ತಿ ಕಾಣುತ್ತವೆ. ನಾನು ಹೋದ ಸಭೆಗಳಲ್ಲೆಲ್ಲ ಹಾಗೆಯೇ ಆಗಿದೆ. ಬೆಳಿಗ್ಗೆ ಎದ್ದು ಮೊಬೈಲ್ ತೆರೆದರೆ ಯಾವುದೋ ಊರಿನ ಹದಿನಾರರ ಹುಡುಗ ಚಾಕು ಹಿಡಿದ ವಿಡಿಯೊ ಬಂದಿರುತ್ತದೆ. ಅದೇ ವಿಡಿಯೊ ಮೂರು ಗ್ರೂಪುಗಳಲ್ಲಿ ಮೂರು ಸಲ ಬರುತ್ತದೆ. ಹೆದರಿಕೆ ಆಗುವುದು ಸಹಜ. ಆದರೆ ಲೆಕ್ಕ ಬೇರೆ ಮಾತು ಹೇಳುತ್ತದೆ. ಆ ಲೆಕ್ಕವನ್ನು ನಿಮ್ಮ ಮುಂದಿಟ್ಟು, ಅದು ಹೇಗೆ ಇಳಿಯಿತು, ಇನ್ನೂ ಇಳಿಯಬೇಕಾದರೆ ನಾವು ಎಲ್ಲಿ ಕೈ ಹಾಕಬೇಕು ಎಂಬುದನ್ನು ಹೇಳಲು ಬಂದಿದ್ದೇನೆ.

ಮೊದಲೇ ಒಂದು ವಿಷಯ ತಿಳಿಸಿಬಿಡುತ್ತೇನೆ. ತಪ್ಪು ಮಾಡಿದ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಯಲ್ಲಿ ಸಮಾಜಕಾರ್ಯಕರ್ತೆ ಸದಸ್ಯೆಯಾಗಿ ಕುಳಿತವಳು ನಾನು. ಹಾಗಾಗಿ ನನ್ನಿಂದ ಕಥೆಗಳನ್ನು ನಿರೀಕ್ಷಿಸುವವರು ಇರಬಹುದು. ಒಂದು ಮಗುವಿನ ಕಥೆಯನ್ನೂ ನಾನು ಹೇಳುವುದಿಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಹೊರಗೆಡವಬಾರದು ಎನ್ನುತ್ತದೆ. ಹೆಸರು ಬಿಟ್ಟು ಹೇಳಬಹುದಲ್ಲ ಎಂದರೆ, ನಮ್ಮದು ಸಣ್ಣ ಊರು. ಮಲ್ಪೆಯ ಹುಡುಗ, ತಂದೆ ಬೋಟಿನಲ್ಲಿ, ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು ಎಂದರೆ ಸಾಕು, ಸಭೆಯ ಹಿಂದಿನ ಸಾಲಿನಲ್ಲಿ ಯಾರಿಗೋ ಮನೆ ಗೊತ್ತಾಗಿಬಿಡುತ್ತದೆ.

ಈಗ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ, ಅಂದರೆ ಎನ್‌ಸಿಆರ್‌ಬಿ, ಪ್ರತಿ ವರ್ಷ ಪುಸ್ತಕ ತರುತ್ತದೆ. 18 ತುಂಬದವರ ಮೇಲೆ 2016ರಲ್ಲಿ ಇಡೀ ದೇಶದಲ್ಲಿ ದಾಖಲಾದ ಪ್ರಕರಣ 35,849. 2020ರಲ್ಲಿ 29,768. ಅದು ಲಾಕ್‌ಡೌನಿನ ವರ್ಷ, ಅದನ್ನು ಬದಿಗಿಡೋಣ. 2021ರಲ್ಲಿ 31,170, 2022ರಲ್ಲಿ 30,555. 2023ರಲ್ಲಿ ಸ್ವಲ್ಪ ಏರಿ 31,365. ಹಿಂದಿನ ವರ್ಷಕ್ಕಿಂತ ಏರಿತು ಎಂಬುದೇ ಸುದ್ದಿಯಾಯಿತು; 2016ಕ್ಕಿಂತ ನಾಲ್ಕೂವರೆ ಸಾವಿರ ಕಡಿಮೆ ಎಂಬುದು ಸುದ್ದಿಯಾಗಲಿಲ್ಲ. 2022ರ ಲೆಕ್ಕವನ್ನೇ ಇನ್ನೊಂದು ರೀತಿ ನೋಡಿ. ಒಂದು ಲಕ್ಷ ಮಕ್ಕಳಿಗೆ 6.9 ಪ್ರಕರಣ. ಆ ವರ್ಷ ದೇಶದಲ್ಲಿ ದಾಖಲಾದ ಒಟ್ಟು ಅಪರಾಧಗಳು 58 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಮಕ್ಕಳ ಪಾಲು ಸುಮಾರು ಇನ್ನೂರಕ್ಕೆ ಒಂದು.

ಇಲ್ಲಿ ತಲೆ ಓಡಿಸುವವರು ಒಂದು ಪ್ರಶ್ನೆ ಕೇಳಬೇಕು. ಇಳಿದದ್ದು ಅಪರಾಧವೋ, ಅಪರಾಧವನ್ನು ಬರೆದುಕೊಳ್ಳುವುದೋ? ನ್ಯಾಯವಾದ ಪ್ರಶ್ನೆ. 2016ರ ಜನವರಿ 15ರಂದು ಹೊಸ ಬಾಲ ನ್ಯಾಯ ಕಾಯ್ದೆ ಜಾರಿಗೆ ಬಂತು, ಅದೇ ವರ್ಷ ಮಾದರಿ ನಿಯಮಗಳೂ ಬಂದವು. ಆ ನಿಯಮಗಳ ಪ್ರಕಾರ, ಮಗು ಮಾಡಿದ್ದು ಘೋರ ಅಪರಾಧ ಅಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ಪೊಲೀಸರು ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಮನೆ, ಶಾಲೆ, ಸಂಗಾತಿಗಳ ಬಗ್ಗೆ ಸಾಮಾಜಿಕ ಹಿನ್ನೆಲೆ ವರದಿ ತಯಾರಿಸಿ ಮಂಡಳಿಗೆ ಕಳಿಸಬೇಕು. ಅಂದಮೇಲೆ ಅಂಕಿ ಇಳಿದದ್ದರಲ್ಲಿ ಒಂದು ಪಾಲು ಎಫ್‌ಐಆರ್ ಬರೆಯದೆ ಬಿಟ್ಟದ್ದರಿಂದ ಬಂದಿರಲೂಬಹುದು. ಇದನ್ನು ಕೇಳಿದರೆ ಕೆಲವರಿಗೆ ಮೋಸ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬರೆಯದೆ ಬಿಟ್ಟದ್ದೇ ಮುಂದಿನ ಅಪರಾಧವನ್ನು ತಡೆಯುತ್ತದೆ ಎನ್ನಲು ಗಟ್ಟಿ ಆಧಾರವಿದೆ. ಅದಕ್ಕೆ ಸ್ವಲ್ಪ ಹೊರದೇಶದ ಕಡೆ ಹೋಗಿ ಬರಬೇಕು.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 2000ದ ದಶಕದ ಮೊದಲಲ್ಲಿ ಸರಕಾರ ಪೊಲೀಸರಿಗೆ ಒಂದು ಗುರಿ ಕೊಟ್ಟಿತು: ಇಷ್ಟು ಅಪರಾಧಗಳನ್ನು ಪತ್ತೆ ಮಾಡಿ ತೋರಿಸಬೇಕು. ಗುರಿ ಮುಟ್ಟಲು ಸುಲಭದ ದಾರಿ ಯಾವುದು? ದೊಡ್ಡ ಕಳ್ಳನನ್ನು ಹಿಡಿಯುವುದು ಕಷ್ಟ, ಅಂಗಡಿಯಲ್ಲಿ ಚಾಕಲೇಟು ಎಗರಿಸಿದ ಹುಡುಗನನ್ನು ಹಿಡಿಯುವುದು ಸುಲಭ. ಮೊದಲೆಲ್ಲ ಗದರಿ ಬಿಡುತ್ತಿದ್ದ ಶಾಲಾ ಅಂಗಳದ ಹೊಡೆದಾಟಗಳೂ ಕಡತಕ್ಕೆ ಬಂದವು. 2006–07ರ ಹೊತ್ತಿಗೆ ಒಂದೇ ವರ್ಷ ಸುಮಾರು 1 ಲಕ್ಷ 10 ಸಾವಿರ ಮಕ್ಕಳು ಜೀವನದಲ್ಲಿ ಮೊದಲ ಸಲ ಅಪರಾಧ ವ್ಯವಸ್ಥೆಯ ಒಳಗೆ ಕಾಲಿಟ್ಟರು. ಆಮೇಲೆ ಆ ಗುರಿಯನ್ನು ಕೈಬಿಟ್ಟು, 2008ರಲ್ಲಿ ತದ್ವಿರುದ್ಧ ಗುರಿ ಇಟ್ಟರು: ಮೊದಲ ಸಲ ಒಳಬರುವ ಮಕ್ಕಳ ಸಂಖ್ಯೆಯನ್ನು 2020ರೊಳಗೆ ಐದರಲ್ಲಿ ಒಂದು ಪಾಲು ಇಳಿಸಬೇಕು. ಕೆಲವೇ ಸಮಯದಲ್ಲಿ ಅದು ದಾಟಿಹೋಯಿತು. ಇಂದು ಆ ಸಂಖ್ಯೆ ವರ್ಷಕ್ಕೆ ಹತ್ತು ಸಾವಿರದ ಒಳಗೆ ಇದೆ. ಮಕ್ಕಳ ಜೈಲುಗಳಲ್ಲಿ ಮೂರು ಸಾವಿರದಷ್ಟು ಮಕ್ಕಳಿದ್ದರು, ಈಗ ಐನೂರರ ಒಳಗೆ. ಸಣ್ಣ ತಪ್ಪಿಗೆ ಕಡತ ತೆರೆಯದೆ ಬಿಟ್ಟ ಆ ಮಕ್ಕಳು ಬೆಳೆದು ದೊಡ್ಡ ಅಪರಾಧಿಗಳಾದರೇ? ಆಗಬೇಕಿದ್ದರೆ ಇಷ್ಟು ವರ್ಷಗಳಲ್ಲಿ ಆ ಅಲೆ ಕಾಣಬೇಕಿತ್ತು. ಕಾಣಲಿಲ್ಲ.

ಅಮೆರಿಕದಲ್ಲಿ ಇನ್ನೂ ದೊಡ್ಡ ಇಳಿತ. 1996ರಲ್ಲಿ ಅಲ್ಲಿ 18ರ ಒಳಗಿನವರ ಬಂಧನ ಸುಮಾರು 27 ಲಕ್ಷ. 2019ರಲ್ಲಿ 7 ಲಕ್ಷಕ್ಕೂ ಕಡಿಮೆ. ಇನ್ನೊಂದು ಮಾತು ಇಲ್ಲಿ ನೆನಪಿಡಬೇಕು. 1995ರಲ್ಲಿ ಜಾನ್ ಡಿಯುಲಿಯೊ ಎಂಬ ಪ್ರಾಧ್ಯಾಪಕರು ಅಲ್ಲಿ ಒಂದು ಭವಿಷ್ಯ ನುಡಿದಿದ್ದರು. ದಯೆ ದಾಕ್ಷಿಣ್ಯ ಇಲ್ಲದ, ಬೇಟೆ ಮೃಗಗಳಂಥ ಹುಡುಗರ ಹೊಸ ಪೀಳಿಗೆ ಬರುತ್ತಿದೆ, ದೇಶ ತಯಾರಾಗಬೇಕು ಎಂದು. ಪತ್ರಿಕೆಗಳು ಅದನ್ನು ಎತ್ತಿ ಹಿಡಿದವು. ರಾಜ್ಯ ರಾಜ್ಯಗಳಲ್ಲಿ ಮಕ್ಕಳನ್ನು ದೊಡ್ಡವರ ನ್ಯಾಯಾಲಯಕ್ಕೆ ಕಳಿಸುವ ಕಾನೂನುಗಳು ಬಂದವು. ಆ ಪೀಳಿಗೆ ಬರಲೇ ಇಲ್ಲ. ಭವಿಷ್ಯ ಹೇಳಿದ ಬೆನ್ನಿಗೇ ಅಂಕಿ ಇಳಿಯತೊಡಗಿತು. 2012ರಲ್ಲಿ ಮಕ್ಕಳಿಗೆ ಕಡ್ಡಾಯ ಆಜೀವ ಶಿಕ್ಷೆ ಕೊಡುವುದರ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಗೆ ಬೆಂಬಲವಾಗಿ ಸಹಿ ಹಾಕಿದವರಲ್ಲಿ ಅದೇ ಡಿಯುಲಿಯೊ ಇದ್ದರು. ಅಷ್ಟರೊಳಗೆ ಸಾವಿರಾರು ಹುಡುಗರು ದೊಡ್ಡವರ ಜೈಲುಗಳನ್ನು ಸೇರಿಯಾಗಿತ್ತು. ಹೆದರಿಕೆಯಿಂದ ಕಾನೂನು ಮಾಡಿದರೆ ಆಗುವ ನಷ್ಟವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಯಾಕೆ ಇಳಿಯಿತು? ವಿದ್ವಾಂಸರು ಹಲವು ಕಾರಣ ಕೊಡುತ್ತಾರೆ. ಪೆಟ್ರೋಲಿನಿಂದ ಸೀಸ ತೆಗೆದದ್ದು ಮಕ್ಕಳ ಮಿದುಳಿಗೆ ಒಳ್ಳೆಯದಾಯಿತು ಎನ್ನುವವರಿದ್ದಾರೆ. ಕಾರುಗಳಿಗೆ ಒಳ್ಳೆಯ ಲಾಕ್ ಬಂದು, ಕಳ್ಳತನದ ಮೊದಲ ಪಾಠ ಕಲಿಯುವ ಅವಕಾಶವೇ ತಪ್ಪಿತು ಎನ್ನುವವರಿದ್ದಾರೆ. ಹುಡುಗರು ಬೀದಿ ಬಿಟ್ಟು ಮೊಬೈಲಿಗೆ ಅಂಟಿಕೊಂಡರು ಎನ್ನುವುದೂ ಇದೆ. ಇವುಗಳ ಜಗಳ ಮುಗಿದಿಲ್ಲ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನಮ್ಮ ಕೈಯಲ್ಲಿ ಇರುವ ಒಂದು ಕಾರಣದ ಬಗ್ಗೆ ಮಾತ್ರ ನಿಧಾನವಾಗಿ ಹೇಳುತ್ತೇನೆ. ಮಗುವಿನ ಮೊದಲ ತಪ್ಪು ಸಿಕ್ಕಿಬಿದ್ದ ನಂತರದ ಒಂದು ವಾರದಲ್ಲಿ ದೊಡ್ಡವರು ಏನು ಮಾಡುತ್ತಾರೆ ಎಂಬುದು ಆ ಕಾರಣ.

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1998ರಲ್ಲಿ ಪ್ರೌಢಶಾಲೆಗೆ ಸೇರಿದ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇಬ್ಬರು ಸಂಶೋಧಕಿಯರು, ಲೆಸ್ಲಿ ಮ್ಯಾಕಾರಾ ಮತ್ತು ಸೂಸನ್ ಮೆಕ್‌ವೀ, ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದರು. ಮಕ್ಕಳ ಬಾಯಿಂದಲೇ ಕೇಳಿದಾಗ ಗೊತ್ತಾದದ್ದು, ಹೆಚ್ಚುಕಡಿಮೆ ಎಲ್ಲರೂ ಯಾವಾಗಲೋ ಒಂದು ತಪ್ಪು ಮಾಡಿದವರೇ. ಒಂದೇ ತರದ ತಪ್ಪು ಮಾಡಿದ, ಒಂದೇ ತರದ ಮನೆಯಿಂದ ಬಂದ ಮಕ್ಕಳನ್ನು ಹೋಲಿಸಿ ನೋಡಿದರು. ಸಿಕ್ಕಿಬಿದ್ದು ಪೊಲೀಸ್, ವಿಚಾರಣೆ ಎಂದು ಒಳಗೆ ಆಳವಾಗಿ ಹೋದವರು ಮುಂದೆಯೂ ತಪ್ಪು ಮಾಡುವುದು ಹೆಚ್ಚು. ಹೊರಗೆ ಉಳಿದವರು ತಾವಾಗಿಯೇ ಬಿಟ್ಟುಬಿಡುವುದು ಹೆಚ್ಚು. ಒಮ್ಮೆ ಪೊಲೀಸರ ಕಣ್ಣಿಗೆ ಬಿದ್ದ ಹುಡುಗನ ಮೇಲೆಯೇ ಮತ್ತೆ ಮತ್ತೆ ಕಣ್ಣು ಬೀಳುತ್ತಿತ್ತು. ಇಂಥದೇ 29 ಪ್ರಯೋಗಗಳನ್ನು ಒಟ್ಟು ಸೇರಿಸಿ 2010ರಲ್ಲಿ ಒಂದು ವಿಮರ್ಶೆ ಬಂತು. ಅವುಗಳಲ್ಲಿ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ನ್ಯಾಯಾಲಯದ ದಾರಿಗೆ, ಇನ್ನೊಂದನ್ನು ಸಮಾಲೋಚನೆಗೋ ಬುದ್ಧಿಮಾತಿಗೋ ಕಳಿಸಿದ್ದರು. ಅಲ್ಲಿಯೂ ಅದೇ ಉತ್ತರ: ನ್ಯಾಯಾಲಯದ ದಾರಿ ತಪ್ಪನ್ನು ಕಡಿಮೆ ಮಾಡಲಿಲ್ಲ, ಒಟ್ಟಾರೆ ಸ್ವಲ್ಪ ಹೆಚ್ಚೇ ಮಾಡಿತು.

ಈಗ ಊರಿಗೆ ಬರೋಣ. ನಮ್ಮ ಕಡೆ ಮೊದಲ ತಪ್ಪಿನ ನಂತರದ ವಾರ ಹೇಗಿರುತ್ತದೆ?

ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ದುಡ್ಡು ತೆಗೆದ ಹುಡುಗ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ಮೊದಲ ದಿನ ನಾಲ್ಕು ಜನ ಸೇರಿ ಹೊಡೆಯುತ್ತಾರೆ, ಒಬ್ಬ ವಿಡಿಯೊ ಮಾಡುತ್ತಾನೆ. ಸಂಜೆಯೊಳಗೆ ಅದು ಊರಿನ ಗ್ರೂಪಿನಲ್ಲಿರುತ್ತದೆ. ಎರಡನೇ ದಿನ ಶಾಲೆಗೆ ಸುದ್ದಿ ಮುಟ್ಟುತ್ತದೆ. ಮೂರನೇ ದಿನ ಹೆತ್ತವರನ್ನು ಕರೆಸಿ, “ನೀವೇ ಟಿಸಿ ತಗೊಂಡು ಹೋದರೆ ಒಳ್ಳೆಯದು” ಎನ್ನುತ್ತಾರೆ. ಇಲ್ಲಿ ಶಿಕ್ಷಕರು ಬಹಳ ಮಂದಿ ಇದ್ದೀರಿ, ನಿಮ್ಮ ಮನಸ್ಸು ನೋಯಿಸಲು ಹೇಳುತ್ತಿಲ್ಲ. ಉಳಿದ ಮಕ್ಕಳ ಹೆತ್ತವರು ನಿಮ್ಮ ಮೇಲೆ ಒತ್ತಡ ಹಾಕುತ್ತಾರೆ ಎಂಬುದು ನನಗೆ ಗೊತ್ತು. ಆದರೆ ಟಿಸಿ ಕೈಗೆ ಬಂದ ದಿನ ಆ ಹುಡುಗ ಕಳೆದುಕೊಳ್ಳುವುದು ಪಾಠವನ್ನಷ್ಟೇ ಅಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅವನ ಹೆಸರು ಕರೆದು, ಯಾಕೆ ಬರಲಿಲ್ಲ ಎಂದು ಕೇಳುವ ಏಕೈಕ ಜಾಗ ತಪ್ಪಿಹೋಗುತ್ತದೆ. ಆ ಏಳು ಗಂಟೆ ಅವನನ್ನು ಬರಮಾಡಿಕೊಳ್ಳುವವರು ಯಾರು ಎಂದು ಯೋಚಿಸಿ ನೋಡಿ. ಅವನಂತೆಯೇ ಹೊರಗೆ ಬಿದ್ದವರು, ಅಥವಾ ಅಂಥವರನ್ನು ಕಾದು ಕುಳಿತವರು.

ಕಾನೂನು ಆ ವಾರವನ್ನು ಬೇರೆಯಾಗಿ ಬರೆದಿದೆ. ಪ್ರತಿ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. ಮಗುವಿನ ಜೊತೆ ವ್ಯವಹರಿಸುವಾಗ ಪೊಲೀಸರು ಸಾಧ್ಯವಾದಷ್ಟು ಸಮವಸ್ತ್ರದಲ್ಲಿ ಇರಬಾರದು. ವಶಕ್ಕೆ ಪಡೆದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು. ಮಂಡಳಿ ಎಂದರೆ ಒಬ್ಬರು ನ್ಯಾಯಾಧೀಶರು, ಇಬ್ಬರು ಸಮಾಜಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಅಲ್ಲಿ ಕಟಕಟೆ ಇಲ್ಲ. ಮಗು ನಮ್ಮೆದುರೇ ಕುಳಿತು ಮಾತಾಡುತ್ತದೆ. ನಾಲ್ಕು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು, ಬೇಕಾದರೆ ಇನ್ನೆರಡು ತಿಂಗಳು. ಕೊನೆಗೆ ಮಂಡಳಿ ಕೊಡಬಹುದಾದ ಆದೇಶಗಳು 18ನೇ ಕಲಮಿನಲ್ಲಿವೆ. ಬುದ್ಧಿ ಹೇಳಿ ಮನೆಗೆ ಕಳಿಸುವುದು ಅಲ್ಲಿ ಮೊದಲನೆಯದು. ಆಮೇಲೆ ಗುಂಪು ಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣಾಧಿಕಾರಿಯ ಕಣ್ಗಾವಲು. ವಿಶೇಷ ಗೃಹದಲ್ಲಿ ಇಡುವುದು ಕಟ್ಟಕಡೆಗೆ, ಅದೂ ಮೂರು ವರ್ಷ ಮೀರದಂತೆ. ಕಾಯ್ದೆಯ ಮೂಲ ತತ್ವಗಳಲ್ಲೇ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ಉಪಾಯ ಎಂದು ಬರೆದಿದೆ.

ಇದನ್ನೆಲ್ಲ ಮೆದುತನ ಎನ್ನುವವರಿದ್ದಾರೆ. ಮಂಡಳಿಯಲ್ಲಿ ಕುಳಿತಾಗ ನನಗೆ ಬಹಳ ಸಲ ಕೇಳಿಬಂದ ಮಾತು, “ಮೇಡಂ, ಒಂದ್ಸಲ ಸರಿಯಾಗಿ ಹೆದರಿಸಿ ಬಿಡಿ, ಮತ್ತೆ ಮಾಡುವುದಿಲ್ಲ.” ಹೇಳುವವರು ಹೆತ್ತ ತಾಯಂದಿರೇ, ಕಣ್ಣಲ್ಲಿ ನೀರು ಇಟ್ಟುಕೊಂಡು. ಹೆದರಿಸುವುದನ್ನು ಜಗತ್ತು ಪ್ರಯೋಗ ಮಾಡಿ ನೋಡಿದೆ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಜೈಲಿಗೆ ತಪ್ಪು ಮಾಡಿದ ಹುಡುಗರನ್ನು ಕರೆದುಕೊಂಡು ಹೋಗಿ, ಆಜೀವ ಶಿಕ್ಷೆಯ ಕೈದಿಗಳಿಂದ ಬೈಯಿಸಿ, ಜೈಲೆಂದರೆ ಹೀಗಿರುತ್ತದೆ ಎಂದು ತೋರಿಸುವ ಕಾರ್ಯಕ್ರಮ ಬಹಳ ಹೆಸರು ಮಾಡಿತು, ಬೇರೆ ಊರುಗಳಿಗೂ ಹಬ್ಬಿತು. ಆಮೇಲೆ ಅಂಥ 9 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಏನೂ ಮಾಡದೆ ಬಿಟ್ಟ ಹುಡುಗರಿಗಿಂತ ಜೈಲು ನೋಡಿ ಬಂದ ಹುಡುಗರೇ ಮುಂದೆ ಹೆಚ್ಚು ತಪ್ಪು ಮಾಡಿದ್ದರು. ಹದಿನೈದರ ಹುಡುಗನನ್ನು ಗೆಳೆಯರ ಮುಂದೆ ಹೆದರಿಸಿದರೆ, ತಾನು ಹೆದರಲಿಲ್ಲ ಎಂದು ತೋರಿಸುವುದೇ ಅವನಿಗೆ ಮುಖ್ಯವಾಗುತ್ತದೆ. ಗಂಡುಮಕ್ಕಳನ್ನು ಬೆಳೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಶಿಕ್ಷೆಯೇ ಬೇಡವೇ? ಬೇಕು, ಆದರೆ ಬೇರೆಯವರಿಗೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ. ನಮ್ಮ ಕರಾವಳಿಯಲ್ಲಿ ಮಕ್ಕಳು ಮಾಡುವ ಗಂಭೀರ ತಪ್ಪುಗಳ ಹಿಂದೆ ಒಬ್ಬ ದೊಡ್ಡವನು ಇರುತ್ತಾನೆ. ಗಾಂಜಾ ಪೊಟ್ಟಣವನ್ನು ಹುಡುಗನ ಬ್ಯಾಗಿನಲ್ಲಿ ಇಟ್ಟು, ಸಿಕ್ಕಿಬಿದ್ದರೂ ಇವನಿಗೆ ಜೈಲಿಲ್ಲ ಎಂದು ಲೆಕ್ಕ ಹಾಕುವವನು ದೊಡ್ಡವನು. ಯಾವ ಹುಡುಗ ಯಾವ ಹುಡುಗಿಯ ಜೊತೆ ಬಸ್ಸಿನಲ್ಲಿ ಕುಳಿತ ಎಂದು ನೋಡಿ ಬರಲು, ತಡೆದು ಹೊಡೆಯಲು ಹದಿನೇಳರವರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವವನು ದೊಡ್ಡವನು. ಯಾವ ಧರ್ಮದ ಹೆಸರಿನಲ್ಲಿ ಎಂದು ನಾನು ಬೇರೆ ಬೇರೆ ಮಾಡಿ ಹೇಳುವುದಿಲ್ಲ. ಕೇಸು ಬಿದ್ದ ಮೇಲೆ ಆ ಹುಡುಗನ ತಾಯಿ ಕೋರ್ಟಿಗೆ ಅಲೆಯುತ್ತಾಳೆ, ಹಿಂದೆ ನಿಂತವನು ಫೋನ್ ಎತ್ತುವುದಿಲ್ಲ. ಕಾಯ್ದೆಯ 77ನೇ ಕಲಂ ಮಗುವಿಗೆ ಮದ್ಯ, ತಂಬಾಕು, ಅಮಲು ಪದಾರ್ಥ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡ ಹೇಳುತ್ತದೆ. 78ನೇ ಕಲಂ ಅದನ್ನು ಮಗುವಿನ ಕೈಯಲ್ಲಿ ಸಾಗಿಸಿದವರಿಗೆ, ಮಾರಿಸಿದವರಿಗೆ. 83ನೇ ಕಲಂ ಪ್ರಕಾರ ಕಾನೂನುಬಾಹಿರ ಕೆಲಸಕ್ಕೆ ಮಕ್ಕಳನ್ನು ಬಳಸುವ ದೊಡ್ಡವರಿಗೆ ಅಥವಾ ದೊಡ್ಡವರ ಗುಂಪಿಗೆ 7 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ದಂಡ. ಮಗು ಸಿಕ್ಕಿಬಿದ್ದಾಗ “ಇವನನ್ನು ಕಳಿಸಿದ್ದು ಯಾರು” ಎಂಬ ಪ್ರಶ್ನೆಯನ್ನು ಊರಿನವರು ಕೇಳಿದರೆ ಪೊಲೀಸರೂ ಕೇಳಲೇಬೇಕಾಗುತ್ತದೆ. ಕಠಿಣ ಕಾನೂನು ಬೇಕು ಎನ್ನುವವರು ಈ ಮೂರು ಕಲಮುಗಳನ್ನು ಹಿಡಿದುಕೊಂಡು ಠಾಣೆಗೆ ಹೋಗಿ. ನಾನೂ ಜೊತೆಗೆ ಬರುತ್ತೇನೆ.

ಇನ್ನು ಮೊದಲ ತಪ್ಪೇ ಆಗದ ಹಾಗೆ ಏನು ಮಾಡಬಹುದು?

ಎನ್‌ಸಿಆರ್‌ಬಿ ಪುಸ್ತಕಕ್ಕೇ ಮತ್ತೆ ಬರುತ್ತೇನೆ. 2022ರಲ್ಲಿ ವಶಕ್ಕೆ ಪಡೆದ 37,780 ಮಕ್ಕಳಲ್ಲಿ 29,690 ಮಂದಿ 16ರಿಂದ 18ರ ನಡುವಿನವರು. ನೂರಕ್ಕೆ ಎಪ್ಪತ್ತೊಂಬತ್ತು. ಬಹುಪಾಲು ಮಕ್ಕಳು ಬೀದಿಯವರಲ್ಲ, ಅನಾಥರಲ್ಲ, ಹೆತ್ತವರ ಜೊತೆಯೇ ವಾಸಿಸುತ್ತಿದ್ದವರು. ಓದು ಎಸ್‌ಎಸ್‌ಎಲ್‌ಸಿ ದಾಟದವರು ಅವರಲ್ಲಿ ಬಹಳ. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಒಂದು ಖಾಲಿ ಜಾಗ: ಹತ್ತನೇ ತರಗತಿ ಮುಗಿದ ಮೇಲೆ, ಕೈಗೆ ಕೆಲಸ ಸಿಗುವ ಮೊದಲು.

ನಮ್ಮ ಎರಡು ಜಿಲ್ಲೆಗಳಿಗೆ ಎಸ್‌ಎಸ್‌ಎಲ್‌ಸಿ ಎಂದರೆ ಹೆಮ್ಮೆ. 2024ರಲ್ಲಿ ಉಡುಪಿ ಶೇಕಡಾ 94 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು. ಆ ಹೆಮ್ಮೆ ನನಗೂ ಇದೆ. ಆದರೆ ನೂರರಲ್ಲಿ 94 ಮಂದಿ ಪಾಸಾಗುವ ಊರಿನಲ್ಲಿ ಉಳಿದ 6 ಮಂದಿಯ ಪಾಡು, ಅರ್ಧಕ್ಕರ್ಧ ಫೇಲಾಗುವ ಊರಿನ ಹುಡುಗರ ಪಾಡಿಗಿಂತ ಕಷ್ಟ. ಅಲ್ಲಿ ಜೊತೆಗೆ ಹತ್ತು ಮಂದಿ ಇರುತ್ತಾರೆ. ಇಲ್ಲಿ ಬಸ್‌ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಇಡೀ ಕ್ಲಾಸಿನ ಫೋಟೊ ಇರುತ್ತದೆ, ಇವನದೊಂದು ಇರುವುದಿಲ್ಲ. ಫೇಲಾದ ಹುಡುಗ ಅಪರಾಧ ಮಾಡುತ್ತಾನೆ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಕೇಳಿಸಿಕೊಳ್ಳಬೇಡಿ. ಅವರಲ್ಲಿ ಹೆಚ್ಚಿನವರು ಗ್ಯಾರೇಜಿಗೋ ಮೀನಿನ ಬೋಟು ನಿಲ್ಲುವ ದಕ್ಕೆಗೋ ಕೇಟರಿಂಗಿಗೋ ಹೋಗಿ ಮರ್ಯಾದೆಯಿಂದ ದುಡಿಯುತ್ತಾರೆ. ಆದರೆ ಆ ಮೇ, ಜೂನ್ ತಿಂಗಳಲ್ಲಿ ಅವರ ಮನೆಗೆ ಹೋಗಿ ಮಾತಾಡಿಸುವವರು ಇರುವುದಿಲ್ಲ. ರಾಜ್ಯದಲ್ಲಿ ಈಗ ಒಂದೇ ವರ್ಷದಲ್ಲಿ ಪರೀಕ್ಷೆ ಬರೆಯಲು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಶಾಲೆಯ ಹೆಡ್‌ಮಾಷ್ಟ್ರ ಕೈಯಲ್ಲಿ ಹೆಸರುಗಳ ಪಟ್ಟಿ ಇದೆ. ಆರೇಳು ಮನೆ. ಒಂದು ಭಾನುವಾರದ ಕೆಲಸ.

ಸಂಜೆಯ ಹೊತ್ತಿನ ಬಗ್ಗೆಯೂ ಹೇಳಬೇಕು. ಐಸ್‌ಲ್ಯಾಂಡ್ ಎಂಬ ದೇಶದ ಜನಸಂಖ್ಯೆ ನಮ್ಮ ಉಡುಪಿ ಜಿಲ್ಲೆಯ ಮೂರರಲ್ಲಿ ಒಂದು ಪಾಲಿನಷ್ಟು. 1998ರಲ್ಲಿ ಅಲ್ಲಿ 15–16ರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದವರು. 2016ರ ಹೊತ್ತಿಗೆ ಅದು 5ಕ್ಕೆ ಇಳಿಯಿತು. ಇದು ಕುಡಿತದ ಲೆಕ್ಕ, ಅಪರಾಧದ್ದಲ್ಲ. ಆದರೆ ಅವರು ಮಾಡಿದ್ದನ್ನು ನಾವು ಗಮನಿಸಬೇಕು. ಮಕ್ಕಳಿಗೆ ಕುಡಿಯಬೇಡಿ ಎಂದು ಭಾಷಣ ಮಾಡುವುದನ್ನು ಕಡಿಮೆ ಮಾಡಿದರು. ಶಾಲೆ ಶಾಲೆಯಲ್ಲಿ ಸಮೀಕ್ಷೆ ಮಾಡಿ, ಆ ಶಾಲೆಯ ಫಲಿತಾಂಶವನ್ನು ಅದೇ ಊರಿನ ಹೆತ್ತವರ ಮುಂದಿಟ್ಟರು. ಚಳಿಗಾಲದಲ್ಲಿ ಹದಿಹರೆಯದವರು ರಾತ್ರಿ ಹತ್ತರೊಳಗೆ ಮನೆ ಸೇರಬೇಕು ಎಂಬ ನಿಯಮ ತಂದರು, ಹೆತ್ತವರು ತಮ್ಮೊಳಗೆ ಒಪ್ಪಂದ ಮಾಡಿಕೊಂಡು ಅದನ್ನು ಪಾಲಿಸಿದರು. ಆಟ, ಸಂಗೀತ, ನೃತ್ಯಕ್ಕೆ ಸೇರುವ ಮಕ್ಕಳ ಶುಲ್ಕಕ್ಕೆ ಸ್ಥಳೀಯ ಆಡಳಿತವೇ ಹಣ ಕೊಟ್ಟಿತು. ಬಡವರ ಮಕ್ಕಳೂ ಸಂಜೆ ಐದಕ್ಕೆ ಹೋಗಬಹುದಾದ ಒಂದು ಜಾಗ, ಅಲ್ಲಿ ಹೆಸರು ಗೊತ್ತಿರುವ ಒಬ್ಬ ದೊಡ್ಡವರು. ಇಷ್ಟನ್ನು ಅವರು ಇಪ್ಪತ್ತು ವರ್ಷ ಬಿಡದೆ ಮಾಡಿದರು.

ನಮ್ಮಲ್ಲಿ ಇದು ಇಲ್ಲವೇ? ಇದೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಶಾಲೆಗಳಿಗೆ ಗುರುಗಳನ್ನು ಕಳಿಸಿ ಯಕ್ಷಗಾನ ಕಲಿಸುತ್ತದೆ, ಕೊನೆಗೆ ಆ ಮಕ್ಕಳು ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಗೆಜ್ಜೆ ಕಟ್ಟುತ್ತಾರೆ. ಕ್ಲಾಸಿನಲ್ಲಿ ಒಂದು ಪದ್ಯ ಬಾಯಿಗೆ ಬರದ ಹುಡುಗ ಬಣ್ಣ ಹಚ್ಚಿಕೊಂಡು ಮಹಿಷಾಸುರನಾಗಿ ಬರುವಾಗ ಇಡೀ ಸಭೆ ಎದ್ದು ನೋಡುತ್ತದೆ. ಮರುದಿನ ಶಾಲೆಯಲ್ಲಿ ಅವನ ನಡಿಗೆಯೇ ಬೇರೆ. ಕುಂದಾಪುರದ ಕಡೆ ದುಡಿಯುವ ಮಕ್ಕಳೇ ತಮ್ಮ ಸಂಘ ಕಟ್ಟಿ, ಮಕ್ಕಳ ಪಂಚಾಯತ್ ನಡೆಸಿ, ಕಾಲುಸಂಕ ಬೇಕು, ಶರಾಬಿನ ಅಂಗಡಿ ಬೇಡ ಎಂದು ದೊಡ್ಡವರ ಪಂಚಾಯತಿನ ಮುಂದೆ ವಾದಿಸಿದ ಪರಂಪರೆ ಇದೆ. ಇಂದು ರಾಜ್ಯದ ಎಲ್ಲ ಗ್ರಾಮ ಪಂಚಾಯತುಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯಬೇಕು ಎಂದಾಗಿದ್ದರ ಹಿಂದೆ ಆ ಕೆಲಸವೂ ಇದೆ. ಯುವಕ ಮಂಡಲದವರಲ್ಲಿ ನನ್ನ ವಿನಂತಿ ಒಂದೇ. ನಿಮ್ಮ ವಾಲಿಬಾಲ್ ಅಂಕಣಕ್ಕೆ, ಕಬಡ್ಡಿ ಅಭ್ಯಾಸಕ್ಕೆ ಬರುವ ಹುಡುಗರಲ್ಲಿ ಚೆನ್ನಾಗಿ ಆಡುವವರು ಮಾತ್ರ ಉಳಿಯುತ್ತಾರೆ. ಆಡಲು ಬಾರದವನನ್ನೂ ಉಳಿಸಿಕೊಳ್ಳಿ. ದಕ್ಕೆಯ ಹತ್ತಿರ, ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಇರುವ ಬಾಗಲಕೋಟೆ, ಕೊಪ್ಪಳದ ಕಡೆಯ ಮಕ್ಕಳನ್ನೂ ಕರೆಯಿರಿ. ಆ ಮಕ್ಕಳಿಗೆ ಇಲ್ಲಿ ಅಜ್ಜನ ಮನೆಯಿಲ್ಲ, ಮಾವನ ಮನೆಯಿಲ್ಲ. ಏನಾದರೂ ಕಳುವಾದರೆ ಮೊದಲ ಸಂಶಯ ಮಾತ್ರ ಅವರ ಮೇಲೆ.

ತೀರ ಚಿಕ್ಕ ವಯಸ್ಸಿನ ಬಗ್ಗೆ ಒಂದೇ ಮಾತು. ಅಮೆರಿಕದ ಮಿಶಿಗನ್‌ನಲ್ಲಿ 1960ರ ದಶಕದಲ್ಲಿ 123 ಬಡ ಮಕ್ಕಳಲ್ಲಿ ಒಂದು ಗುಂಪಿಗೆ ಮೂರು ನಾಲ್ಕು ವರ್ಷದಲ್ಲೇ ಒಳ್ಳೆಯ ಶಿಶುವಿಹಾರ ಕೊಟ್ಟರು, ಇನ್ನೊಂದು ಗುಂಪಿಗೆ ಇಲ್ಲ. ನಲವತ್ತನೇ ವಯಸ್ಸಿನಲ್ಲಿ ಲೆಕ್ಕ ನೋಡಿದಾಗ ಐದಕ್ಕಿಂತ ಹೆಚ್ಚು ಸಲ, ಅಥವಾ ಐದು ಸಲ, ಬಂಧನಕ್ಕೆ ಒಳಗಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 36, ಎರಡನೆಯದರಲ್ಲಿ 55. ನಮ್ಮ ಅಂಗನವಾಡಿ ಕಾರ್ಯಕರ್ತೆಯರ ಕೆಲಸವನ್ನು ಅಪರಾಧ ತಡೆಯುವ ಕೆಲಸವೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕು.

ಮಾತು ಉದ್ದವಾಯಿತು. ಪ್ರಶ್ನೆಗಳಿಗೆ ಬರೋಣ.

ಸಭಿಕರ ಪ್ರಶ್ನೆಗಳು

ಒಬ್ಬ ಹಿರಿಯರು ಕೇಳಿದರು: “ಅತ್ಯಾಚಾರ, ಕೊಲೆ ಮಾಡಿದವನಿಗೂ ಬುದ್ಧಿಮಾತು ಹೇಳಿ ಕಳಿಸುವುದಾ ಅಮ್ಮ?”

ಇಲ್ಲ, ಸರ್. ದೆಹಲಿಯ 2012ರ ಡಿಸೆಂಬರ್ ಪ್ರಕರಣದ ಆರು ಮಂದಿಯಲ್ಲಿ ಒಬ್ಬನಿಗೆ 18 ತುಂಬಿರಲಿಲ್ಲ. ಆ ಮೇಲೆ ಬಂದ 2015ರ ಕಾಯ್ದೆಯಲ್ಲಿ 15ನೇ ಕಲಂ ಸೇರಿತು. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಇರುವ ಅಪರಾಧವನ್ನು 16 ದಾಟಿದವನು ಮಾಡಿದರೆ, ಅವನ ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮ ತಿಳಿಯುವ ಶಕ್ತಿ, ಕೃತ್ಯದ ಸಂದರ್ಭ ಇವನ್ನು ಮಂಡಳಿ ಪರಿಶೀಲಿಸುತ್ತದೆ. ಬೇಕೆನಿಸಿದರೆ ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸುತ್ತದೆ. ಅಲ್ಲಿ ದೊಡ್ಡವರಂತೆಯೇ ವಿಚಾರಣೆ ಆಗಬಹುದು. ಮರಣದಂಡನೆ, ಬಿಡುಗಡೆಯ ಸಾಧ್ಯತೆಯೇ ಇಲ್ಲದ ಆಜೀವ ಸಜೆ, ಇವೆರಡು ಮಾತ್ರ ಇಲ್ಲ. ನಾನು ಈ ಹೊತ್ತು ಮಾತಾಡಿದ್ದು ಅಂಥ ಪ್ರಕರಣಗಳ ಬಗ್ಗೆ ಅಲ್ಲ. ಆ ಕೆಲವರನ್ನು ಮುಂದಿಟ್ಟುಕೊಂಡು ಸಾವಿರಾರು ಸಣ್ಣ ತಪ್ಪಿನ ಮಕ್ಕಳ ಬಗ್ಗೆ ನಿರ್ಧಾರ ಮಾಡಬಾರದು ಎನ್ನುವುದಷ್ಟೇ ನನ್ನ ಮಾತು.

ಒಬ್ಬ ತಂದೆ ಕೇಳಿದ್ದು ಸ್ಕೂಟರಿನ ಬಗ್ಗೆ. ಟ್ಯೂಶನ್ ದೂರ, ಸಂಜೆ ಬಸ್ಸಿಲ್ಲ, ಮಗ ಆಕ್ಟಿವಾ ತೆಗೆದುಕೊಂಡು ಹೋಗುತ್ತಾನೆ, ಇದೂ ಅಪರಾಧವಾ?

ಅಪರಾಧವೇ, ಮತ್ತು ಅದು ನಿಮ್ಮದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಂ ಪ್ರಕಾರ ವಾಹನ ಕೊಟ್ಟ ಹೆತ್ತವರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸಜೆ. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾನೂನಿಗಿಂತ ನನಗೆ ಚಿಂತೆ ಬೇರೆ. ಮನೆಯವರೇ ಕೀ ಕೊಟ್ಟು, ಪೊಲೀಸರು ಇರುವ ಸರ್ಕಲ್ ತಪ್ಪಿಸಿ ಹೋಗು ಎಂದು ಹೇಳಿಕೊಟ್ಟರೆ, ಆ ಹುಡುಗ ಕಾನೂನಿನ ಬಗ್ಗೆ ಕಲಿಯುವ ಮೊದಲ ಪಾಠ ಅದೇ ಆಗುತ್ತದೆ.

ಕೊನೆಗೆ ಒಬ್ಬ ತಾಯಿ ಮೈಕ್ ಬೇಡವೆಂದು ಹತ್ತಿರ ಬಂದು ಕೇಳಿದರು. ಅವರ ಒಪ್ಪಿಗೆ ಪಡೆದು ಪ್ರಶ್ನೆಯನ್ನು ಮಾತ್ರ ಬರೆಯುತ್ತಿದ್ದೇನೆ: ಮಂಡಳಿಯ ಮುಂದೆ ಹೋದ ಹುಡುಗನಿಗೆ ನಾಳೆ ಗಲ್ಫಿಗೆ ಹೋಗುವುದಕ್ಕೆ, ಸರಕಾರಿ ಕೆಲಸಕ್ಕೆ ಅದು ಅಡ್ಡ ಬರುತ್ತದಾ?

ಬರಬಾರದು. ಕಾಯ್ದೆಯ 24ನೇ ಕಲಂ ಇದಕ್ಕಾಗಿಯೇ ಇರುವುದು. ಮಗುವಾಗಿದ್ದಾಗ ಮಾಡಿದ ತಪ್ಪು ಸಾಬೀತಾಗಿದ್ದರೂ ಅದರಿಂದ ಮುಂದೆ ಯಾವ ಅನರ್ಹತೆಯೂ ಅಂಟಿಕೊಳ್ಳಬಾರದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶ ಮಾಡಲು ಮಂಡಳಿಯೇ ಆದೇಶ ಕೊಡಬೇಕು. 16 ದಾಟಿ ಘೋರ ಅಪರಾಧ ಮಾಡಿ ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರಂತೆ ವಿಚಾರಣೆ ಎದುರಿಸಿದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಆದರೆ ಕಡತ ಸುಟ್ಟರೂ ಮೊಬೈಲಿನಲ್ಲಿರುವ ವಿಡಿಯೊ ಸುಡುವುದಿಲ್ಲ. ಅಂಥ ವಿಡಿಯೊ, ಫೋಟೊ, ಹೆಸರು ಹಂಚಿದವರಿಗೆ 74ನೇ ಕಲಂ ಅಡಿ 6 ತಿಂಗಳವರೆಗೆ ಸಜೆ ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ನಿಮ್ಮ ಗ್ರೂಪಿಗೆ ಬಂದರೆ ಅಡ್ಮಿನ್‌ಗೆ ಹೇಳಿ ತೆಗೆಸಿ, ಮುಂದಕ್ಕೆ ಕಳಿಸಬೇಡಿ. ಮಗುವಿಗೆ ಯಾರಾದರೂ ಹೊಡೆಯುತ್ತಿದ್ದರೆ 1098ಕ್ಕೆ ಫೋನ್ ಮಾಡಿ. ಹಗಲಿರಲಿ ರಾತ್ರಿಯಿರಲಿ ಆ ಕರೆಗೆ ದುಡ್ಡಿಲ್ಲ. ಠಾಣೆಗೆ ಹೋಗಬೇಕಾಗಿ ಬಂದರೆ ಮೊದಲು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಕೇಳಿ, ಅವರ ಹತ್ತಿರವೇ ಮಾತಾಡಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಕ್ಕಳ ವಿಷಯದಲ್ಲಿ ಆದಾಯದ ಪ್ರಮಾಣಪತ್ರವನ್ನೂ ಕೇಳುವುದಿಲ್ಲ.